ಅನ್ಫೂಶಿ ತೀರದ ಅಳತೆ

ಶನಿವಾರ ಬೆಳಿಗ್ಗೆ ಮೆರ್ವತ್ ಸ್ವಿಚ್ ಒತ್ತಿದಳು. ಬರ್ಬೂನಿ ಎಂದಿನಂತೆ ಗುಂಯ್‌ಗುಟ್ಟಿತು, ಹೊಸದಾಗಿ ಹಾಕಿದ ಮೆಮೊರಿಯನ್ನು ಸಾವಧಾನವಾಗಿ ಎಣಿಸಿಕೊಂಡಿತು. ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿ ನಿಂತಿತು—ಡಿಸ್ಕಿನ ಲೇಬಲ್ ಸರಿಯಿಲ್ಲ, ಗುರುತಿನ ಸಂಖ್ಯೆ ತಪ್ಪಿದೆ.

ಆರಿಸಿದಳು. ಮತ್ತೆ ಹಚ್ಚಿದಳು. ಅದೇ ಸಾಲು.

“ಏನಾಯ್ತು?” ಎಂದ ಪಕ್ಕದಲ್ಲಿ ನಿಂತಿದ್ದ ಬಹ್ಗತ್. ಹಳೆಯ ಕಂಪ್ಯೂಟರ್ ಸಾಮಾನಿನ ವ್ಯಾಪಾರಿ ಅವನು. ಬರ್ಬೂನಿಯ ಕೀಬೋರ್ಡನ್ನು ರಿಪೇರಿ ಮಾಡಿ ಆಗಷ್ಟೇ ತಂದು ಸಿಕ್ಕಿಸಿದ್ದ.

“ಡಿಸ್ಕಲ್ಲಿ ಏನೂ ಇಲ್ಲ ಅಂತಿದೆ.”

“ಏನೂ ಇಲ್ಲ ಅಂದ್ರೆ?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ, ಬಹ್ಗತ್!”



ಅಲೆಕ್ಸಾಂಡ್ರಿಯದ ಆ ಪುಟ್ಟ ಕಡಲ ಅಳತೆ ಕೇಂದ್ರದಲ್ಲಿ ಇಂಥ ಯಂತ್ರಗಳು ಮೂರಿದ್ದವು. ಮನೆಮನೆಯಲ್ಲಿ ಕಾಣುವ ಪೀಸಿಗಳ ಜಾತಿಯವಲ್ಲ. ಹಲಗೆಯಂತೆ ಚಪ್ಪಟೆಯಾದ, ಬೇರೆಯೇ ಕುಲದ ಸ್ಪಾರ್ಕ್ ವರ್ಕ್‌ಸ್ಟೇಷನ್‌ಗಳು. ಕೇಂದ್ರದವರು ಅವಕ್ಕೆ ಮೀನುಗಳ ಹೆಸರಿಟ್ಟಿದ್ದರು—ಬೂರಿ, ಮೂಸಾ, ಬರ್ಬೂನಿ. ಬಂದ ಹೊಸತರಲ್ಲಿ ಜನ ಬಾಗಿಲಲ್ಲಿ ನಿಂತು ನೋಡಿಹೋಗುತ್ತಿದ್ದರಂತೆ. ಈಗ ಅವಕ್ಕೆ ಬಿಡಿಭಾಗ ಕೊಡುವವರಿಲ್ಲ, ಹೊಸ ಸಾಫ್ಟ್‌ವೇರ್ ಕೊಡುವವರೂ ಇಲ್ಲ. ಗುಜರಿಗೆ ಹಾಕೋಣ ಎಂಬ ಮಾತು ಬಂದಾಗ, “ಮೆಮೊರಿ ಏರಿಸಿ ಲಿನಕ್ಸ್ ಹಾಕಿದ್ರೆ ಇನ್ನೂ ಎಷ್ಟೋ ವರ್ಷ ದುಡಿಯುತ್ವೆ” ಎಂದು ಪಟ್ಟುಹಿಡಿದವಳು ಮೆರ್ವತ್. ಬೂರಿ, ಮೂಸಾ ಎರಡಕ್ಕೂ ದೊಡ್ಡ ಡಿಸ್ಕು ಹಾಕಿ ಲಿನಕ್ಸ್ ಕೂರಿಸಿದ್ದಳು. ಎರಡೂ ಮೊದಲಿಗಿಂತ ಚುರುಕಾಗಿದ್ದವು.

ಉಳಿದದ್ದು ಬರ್ಬೂನಿ. ಕೇಂದ್ರ ಶುರುವಾದಾಗಿನಿಂದ ಅನ್ಫೂಶಿ ತೀರದ ಗೆರೆ ಎಲ್ಲಿತ್ತು, ಕಡಲ ತಳ ಎಷ್ಟು ಆಳವಿತ್ತು—ಆ ಅಳತೆಗಳೆಲ್ಲ ಅದರೊಳಗೇ ಇದ್ದವು. ನಕಲು ತೆಗೆದಿಟ್ಟ ಟೇಪುಗಳು ಉಪ್ಪುಗಾಳಿಗೆ ಬೂಷ್ಟು ಹಿಡಿದು ಎಂದೋ ಹಾಳಾಗಿದ್ದವು. ಬೂರಿಗೆ ನಕಲು ಮಾಡೋಣವೆಂದರೆ ಬರ್ಬೂನಿಗೆ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೇ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಗುರುವಾರ ಮೆಮೊರಿ ಏರಿಸುವುದು, ಶುಕ್ರವಾರದ ರಜೆ ಕಳೆದು ಶನಿವಾರ ನಕಲು ಮಾಡಿಕೊಳ್ಳುವುದು, ಆಮೇಲಷ್ಟೇ ಹೊಸ ಡಿಸ್ಕು, ಲಿನಕ್ಸ್ ಎಂದು ಅವಳು ಅಂದುಕೊಂಡಿದ್ದಳು.

ಸೋಮವಾರ ನಗರದ ಕಚೇರಿಯಲ್ಲಿ ವಿಚಾರಣೆಯಿತ್ತು. ಅಲೆ ತಡೆಯುವ ಕಲ್ಲಿನ ಗೋಡೆಯನ್ನು ಸಮುದ್ರದೊಳಕ್ಕೆ ಇನ್ನೂ ಉದ್ದ ಮಾಡಬೇಕೋ ಬೇಡವೋ ಎಂಬ ವಿಚಾರಣೆ. ಮೊದಲ ಗೋಡೆ ಕಟ್ಟಿದಾಗಿನಿಂದ ನಮ್ಮ ದಡವನ್ನು ಕಡಲು ತಿನ್ನುತ್ತಿದೆ ಎಂದು ಅನ್ಫೂಶಿಯ ದೋಣಿ ಕಟ್ಟುವವರು ಕೂಗುತ್ತಲೇ ಇದ್ದರು. ಅದು ನಿಜವೋ ಸುಳ್ಳೋ ಹೇಳಬಲ್ಲದ್ದು ಬರ್ಬೂನಿ ಒಂದೇ.

ನಿರ್ದೇಶಕಿ ಮದಾಮ್ ನೆವೀನ್ ಕೆಳಗಿಳಿದು ಬಂದರು. ಅವರ ಹಿಂದೆ ಕೇಂದ್ರದ ಹಿರಿಯ ವಿಜ್ಞಾನಿ ಡಾಕ್ಟರ್ ಶೌಕತ್. ಬೆಳ್ಳಿಗೂದಲು, ಮೆಲುದನಿ.

“ಹೀಗಾಗ್ಬಹುದು ಅಂತ ನಂಗೆ ನಿನ್ನೇನೇ ಅನ್ನಿಸ್ತು,” ಎಂದರು ಶೌಕತ್ ತಲೆಯಾಡಿಸುತ್ತಾ. “ಶುಕ್ರವಾರ ನಮಾಜು ಮುಗಿಸ್ಕೊಂಡು ಕನ್ನಡಕ ತಗೊಳ್ಳೋಕೆ ಬಂದಿದ್ದೆ. ಈ ಯಂತ್ರ ಹಚ್ಚೇ ಇತ್ತು. ಡಿಸ್ಕ್ ಅಳಿಸ್ತಿದೀನಿ ಅಂತ ಸಾಲು ಸಾಲು ಓಡ್ತಿತ್ತು. ಲಿನಕ್ಸ್ ಹಾಕೋಕೆ ಬಿಟ್ಟು ಹೋಗಿದಾಳೆ ಅಂದ್ಕೊಂಡೆ.”

“ಇಲ್ಲ ಡಾಕ್ಟರ್! ನಾನು ಆರಿಸಿ ಹೋಗಿದ್ದೆ!”

“ಬೇಕಂತ ಮಾಡ್ದೆ ಅಂತ ನಾನೆಲ್ಲಿ ಹೇಳ್ದೆ ಮಗಳೇ? ಮರೆವು ಯಾರಿಗಿಲ್ಲ?”

ಆ ಮೃದುವಾದ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ನೆವೀನ್, “ಮೆರ್ವತ್, ನಾಳೆ ಸಂಜೆಯೊಳಗೆ ಏನಾಯ್ತು ಅಂತ ನಂಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಸೋಮವಾರ ನಿನ್ನ ಹೆಸರೇ ಹೇಳ್ಬೇಕಾಗುತ್ತೆ” ಎಂದು ಮೆಟ್ಟಿಲು ಹತ್ತಿದರು.

ಮೆರ್ವತ್ ಫೋನ್ ಮಾಡಿದ್ದು ಒಬ್ಬರಿಗೇ.

*

ತಹಾನಿ ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಮ್ ಇಳಿದು ಬಂದರು. ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಕೈಯಲ್ಲಿ ಕರಿದ ಲಿವರ್ ತುಂಬಿದ ಬ್ರೆಡ್ಡಿನ ಪೊಟ್ಟಣ. ಈ ಮೂರೂ ಯಂತ್ರಗಳನ್ನು ಮೊದಲ ದಿನ ಪೆಟ್ಟಿಗೆಯಿಂದ ಬಿಚ್ಚಿ ಜೋಡಿಸಿದ ಇಂಜಿನಿಯರ್ ಅವರೇ. ಮುಂದೆ ತಾಂತ್ರಿಕ ಕಾಲೇಜಿನಲ್ಲಿ ಮೆರ್ವತ್‌ಗೆ ಪಾಠ ಹೇಳಿದವರೂ ಅವರೇ. ನಿವೃತ್ತರಾದ ಮೇಲೂ ಮೆರ್ವತ್ ಪಾಲಿಗೆ ಅವರು ಅಬ್ಲಾ, ಶಾಲೆಯ ಅಕ್ಕ.

“ಮೊದಲು ತಿನ್ನು.”

“ಹಸಿವಿಲ್ಲ ಅಬ್ಲಾ.”

“ನಿಂಗೆ ಹಸಿವಿದ್ಯಾ ಅಂತ ನಾನು ಕೇಳಿದ್ನಾ? ತಿನ್ನು. ತಿಂತಾ ಹೇಳು. ಗುರುವಾರ ನೀನು ಕೊನೇದಾಗಿ ನೋಡಿದಾಗ ಡಿಸ್ಕು ಸರಿಯಿತ್ತಾ?”

“ಇತ್ತು. ಮೆಮೊರಿ ಹಾಕಿ ಹಚ್ಚಿ ನೋಡ್ದೆ. ಕಡತಗಳೆಲ್ಲ ಕಾಣಿಸಿದ್ವು. ಆಮೇಲೆ ಆರಿಸ್ದೆ.”

“ಲಿನಕ್ಸಿನ ಸಿ.ಡಿ. ಎಲ್ಲಿತ್ತು?”

“ನನ್ನ ಚೀಲದಲ್ಲಿ. ಮನೆಗೇ ಬಂತು.”

“ಯಂತ್ರ ಬಿಚ್ಚಿದ್ದನ್ನ ಯಾರು ಯಾರು ನೋಡಿದ್ರು?”

“ಬಹ್ಗತ್ ಇದ್ದ. ಡಾಕ್ಟರ್ ಶೌಕತ್ ಟೀ ಕುಡಿಯುತ್ತಾ ನಿಂತಿದ್ರು. ಡಿಸ್ಕು ಇಷ್ಟು ಸುಲಭವಾಗಿ ಈಚೆ ಬರುತ್ತಾ ಅಂತ ಆಶ್ಚರ್ಯಪಟ್ರು. ಅವರ ಟೀನೇ ಕೀಬೋರ್ಡ್ ಮೇಲೆ ಚೆಲ್ಲಿದ್ದು. ನಾನು ಯಂತ್ರ ಆರಿಸಿದ ಮೇಲೆ ಬಹ್ಗತ್ ಅದನ್ನ ರಿಪೇರಿಗೆ ತಗೊಂಡ್ ಹೋದ.”

“ಬೀಗದ ಕೈ?”

“ನಂಗೊಂದು, ಮದಾಮ್ ಹತ್ರ ಒಂದು, ಡಾಕ್ಟರ್ ಹತ್ರ ಒಂದು. ಬಹ್ಗತ್ ಬಂದ್ರೆ ಕಾವಲುಗಾರರು ತೆಗೆದುಕೊಡ್ತಾರೆ. ಅವನು ಮನೆಯವನ ಹಾಗೇ ಆಗಿಬಿಟ್ಟಿದಾನೆ.”

“ಸರಿ. ಮನೆಯವನನ್ನೇ ಮೊದಲು ಕರಿ.”

*

ಬಹ್ಗತ್ ಬರುವಾಗಲೇ ಕೈಯೆತ್ತಿಕೊಂಡು ಬಂದ.

“ವಲ್ಲಾಹಿ, ದೇವರಾಣೆ ನಾನು ಮುಟ್ಟಿಲ್ಲ ಇಂಜಿನಿಯರಮ್ಮ! ಗುಜರಿಯವನು ಅಂದ ತಕ್ಷಣ ಎಲ್ರ ಕಣ್ಣೂ ನನ್ನ ಮೇಲೇ ಬೀಳುತ್ತೆ.”

“ನಾನಿನ್ನೂ ಕಣ್ಣು ಬಿಟ್ಟೇ ಇಲ್ಲ. ಕೂತ್ಕೋ. ಈ ಕೇಂದ್ರಕ್ಕೆ ಹೊಸ ಪೀಸಿ ಮಾರೋಕೆ ನೀನು ತುಂಬಾ ಓಡಾಡಿದ್ಯಂತೆ?”

ಬಹ್ಗತ್ ಮೆರ್ವತ್ ಕಡೆ ನೋಡಿದ. “ಓಡಾಡ್ದೆ. ಇವಳು ಲಿನಕ್ಸ್ ಅಂತ ಹಿಡ್ಕೊಂಡು ನನ್ನ ವ್ಯಾಪಾರ ಕೆಡಿಸಿದ್ಲು. ಆದ್ರೆ ಆಮೇಲೆ ಹಳೇ ಮೆಮೊರಿ, ಹಳೇ ಡಿಸ್ಕು ಅಂತ ನನ್ನ ಹತ್ರಾನೇ ತಗೊಂಡ್ಲಲ್ಲ? ನಂಗೇನು ಕೋಪ?”

“ಡಿಸ್ಕುಗಳು ಎಲ್ಲಿಂದ ಬಂದವು?”

“ಒಂದು ಆಫೀಸಿನವರು ತಮ್ಮ ಪೀಸಿ ಸರ್ವರ್‌ಗಳನ್ನ ಬಿಚ್ಚಿಹಾಕಿದ್ರು, ಅದರವು. ಗುರುವಾರ ನಾಲ್ಕು ತಂದು ಆ ಪೆಟ್ಟಿಗೇಲಿ ಇಟ್ಟೆ. ಸ್ಪಿರಿಟ್ಟಲ್ಲಿ ಒರೆಸಿ ಫಳಫಳ ಮಾಡಿ ಇಟ್ಟಿದ್ದೆ. ಬೇರೆ ಯಂತ್ರಕ್ಕೆ ಸಿಕ್ಕಿಸೋ ಕೊಂಡಿಗಳೂ ಅಲ್ಲೇ ಇವೆ. ಬೇಕಾದ್ರೆ ಎಣಿಸಿ.”

ತಹಾನಿ ಪೆಟ್ಟಿಗೆ ತೆರೆದರು. ನಾಲ್ಕು ಡಿಸ್ಕುಗಳಿದ್ದವು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಒಂದರ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಬೆರಳನ್ನು ನೋಡಿಕೊಂಡು, ಅದನ್ನು ಸ್ವಲ್ಪ ಪಕ್ಕಕ್ಕಿಟ್ಟರು.

“ಶುಕ್ರವಾರ ಎಲ್ಲಿದ್ದೆ?”

“ರಶೀದ್ ಊರಲ್ಲಿ, ಹೆಂಡ್ತಿ ತವರುಮನೇಲಿ. ಅವಳ ಅಣ್ಣಂದಿರು ಐದು ಜನ, ಎಲ್ರನ್ನೂ ಕೇಳಿ. ಇಡೀ ದಿನ ನನ್ನನ್ನ ಗೋಳು ಹುಯ್ಕೊಂಡಿದಾರೆ, ಮರೆಯೋ ಹಾಗೇ ಇಲ್ಲ.”

ಮೆರ್ವತ್‌ಗೆ ಆ ಕಷ್ಟದಲ್ಲೂ ನಗು ಬಂತು. ತಹಾನಿ ಮಾತ್ರ ನಗಲಿಲ್ಲ.

“ಈ ಯಂತ್ರಕ್ಕೆ ಪೀಸಿ ಕೀಬೋರ್ಡ್ ಸಿಕ್ಕಿಸಬಹುದಾ, ಬಹ್ಗತ್?”

“ಎಲ್ಲಾದ್ರೂ ಉಂಟಾ? ಇದರ ಪ್ಲಗ್ಗೇ ಬೇರೆ.”

“ಹೋಗು. ಆದ್ರೆ ನಾಳೆ ಬಾ.”

*

ಡಾಕ್ಟರ್ ಶೌಕತ್ ತಮ್ಮ ಕೋಣೆಯಲ್ಲಿ ತಹಾನಿಗೂ ಮೆರ್ವತ್‌ಗೂ ಟೀ ತರಿಸಿದರು. ಕಿಟಕಿಯಾಚೆ ಸಮುದ್ರ ಬೂದುಬಣ್ಣಕ್ಕೆ ತಿರುಗಿತ್ತು. ಮಕ್ನಸಾ ಎಂಬ ಬಿರುಗಾಳಿ ಬೀಸಿಹೋಗಿ ಎರಡು ದಿನವಾಗಿದ್ದರೂ ಅಲೆಗಳಿನ್ನೂ ತಣಿದಿರಲಿಲ್ಲ. ಮೇಜಿನ ಮೇಲೆ ಅವರ ಪೀಸಿ, ಪಕ್ಕದಲ್ಲಿ ನಕ್ಷೆಗಳನ್ನು ಎತ್ತಿಕೊಳ್ಳುವ ದೊಡ್ಡ ಸ್ಕ್ಯಾನರ್.

“ಎಷ್ಟು ವರ್ಷ ಆಯ್ತು ತಹಾನಿ ನೋಡಿ! ನೀವು ಮಾತ್ರ ಹಾಗೇ ಇದೀರಿ.”

“ಮಂಡಿ ಹಾಗಿಲ್ಲ ಡಾಕ್ಟರ್. ಶುಕ್ರವಾರ ನೀವು ಒಳಗೆ ಬಂದಾಗ ಯಂತ್ರ ಹಚ್ಚಿತ್ತಾ?”

“ಹಚ್ಚಿತ್ತು.”

“ಪರದೆ ಮೇಲೆ ಓದೋ ಹಾಗೆ ಅಕ್ಷರ ಇದ್ವಾ?”

“ಸ್ಪಷ್ಟವಾಗಿ. ಕಪ್ಪು ಪರದೆ ಮೇಲೆ ಬಿಳೀ ಸಾಲುಗಳು. ಒಂದರ ಹಿಂದೆ ಒಂದು ಮೇಲಕ್ಕೆ ಹೋಗ್ತಿದ್ವು.”

“ನಿಲ್ಲಿಸೋಕೆ ನೋಡ್ಲಿಲ್ವಾ?”

“ಹೇಗೆ ನಿಲ್ಲಿಸ್ಲಿ? ಏನಾದ್ರೂ ಒತ್ತೋಣ ಅಂದ್ರೆ ಕೀಬೋರ್ಡೇ ಇರ್ಲಿಲ್ಲ! ಮೇಜು ಬರೀ ಬಯಲು. ಸ್ವಿಚ್ ಆರಿಸೋಣ ಅಂದ್ಕೊಂಡೆ. ಅರ್ಧದಲ್ಲಿ ಆರಿಸಿದ್ರೆ ಇರೋದೂ ಹಾಳಾದ್ರೆ? ಹೆದರಿ ಹಾಗೇ ಬಿಟ್ಟೆ.”

ತಹಾನಿ ಟೀ ಲೋಟವನ್ನು ಮೇಜಿನ ಮೇಲಿಟ್ಟರು. “ನೀವು ಹೇಳೋದು ಸರಿ. ಅರ್ಧದಲ್ಲಿ ಆರಿಸಬಾರದು. ಸೋಮವಾರದ ವಿಚಾರಣೆಗೆ ನಿಮ್ಮ ವರದೀನೂ ಇದೆ ಅಲ್ವಾ?”

“ಇದೆ. ದಡ ಗಟ್ಟಿಯಾಗಿದೆ, ಗೋಡೆಯಿಂದ ತೊಂದರೆ ಇಲ್ಲ ಅಂತ ಬರೆದಿದೀನಿ.” ಅವರು ಕಿಟಕಿಯತ್ತ ತಿರುಗಿದರು. “ಅಳತೆಗಳಿದ್ದಿದ್ರೆ ಅವೂ ಅದನ್ನೇ ಹೇಳ್ತಿದ್ವು. ಏನ್ ಮಾಡೋದು.”

ಮೆಟ್ಟಿಲಿಳಿಯುವಾಗ ಮೆರ್ವತ್ ತಹಾನಿಯತ್ತ ತಿರುಗಿದಳು. “ಅಬ್ಲಾ, ಅಂಥ ದೊಡ್ಡ ಮನುಷ್ಯರು ಯಾಕೆ ಸುಳ್ಳು ಹೇಳ್ತಾರೆ? ನಾನೇ ಏನೋ ಮಾಡಿರಬೇಕು. ಸುಸ್ತಾಗಿತ್ತು. ಆರಿಸ್ದೆ ಅಂತ ನೆನಪು, ಆದ್ರೆ...”

ತಹಾನಿ ನಿಂತು ಅವಳ ಮುಖ ನೋಡಿದರು. “ನಿನ್ನ ಕಣ್ಣಲ್ಲಿ ನೋಡಿದ್ದನ್ನ ಇನ್ನೊಬ್ರ ಬಾಯಿಗೆ ಕೊಟ್ಟುಬಿಡಬೇಡ. ಬಾ, ಡಿಸ್ಕನ್ನೇ ಕೇಳೋಣ.”

ಬರ್ಬೂನಿಯ ಮುಚ್ಚಳ ತೆಗೆದು ಡಿಸ್ಕನ್ನು ಎಳೆದು ಬೂರಿಗೆ ಸಿಕ್ಕಿಸಿದರು. ಮೆರ್ವತ್ ಲಿನಕ್ಸಿನಲ್ಲಿ ಅದರ ಮೊದಲ ತುಣುಕಿನಲ್ಲಿ ಬರೆದಿರುವ ಲೇಬಲ್ ಓದಿದಳು. ಹುಬ್ಬು ಗಂಟಿಕ್ಕಿತು.

“ಅಬ್ಲಾ, ಇದು ಪೀಸಿಯ ಲೇಬಲ್!”

“ಹೌದಾ? ನೀನು ಇದರ ಮೇಲೆ ಲಿನಕ್ಸ್ ಹಾಕಿದ್ರೆ ಎಂಥ ಲೇಬಲ್ ಬರೀತಿತ್ತು?”

“ಸ್ಪಾರ್ಕಿನದೇ. ಬೂರಿಗೂ ಮೂಸಾಗೂ ಹಾಗೇ ಆಗಿದ್ದು. ಇಲ್ಲಾಂದ್ರೆ ಯಂತ್ರ ಏಳೋದೇ ಇಲ್ಲ.” ಅವಳು ಥಟ್ಟನೆ ಎದ್ದುನಿಂತಳು. “ಹಾಗಾದ್ರೆ ಇದನ್ನ ಲಿನಕ್ಸ್ ಅಳಿಸೇ ಇಲ್ಲ! ಇದು ಬರ್ಬೂನಿಯ ಡಿಸ್ಕೇ ಅಲ್ಲ! ಬಹ್ಗತನ ಪೆಟ್ಟಿಗೇದು!”

“ಆ ಪೆಟ್ಟಿಗೇಲಿ ನಾಲ್ಕೂ ಇದ್ವಲ್ಲ?”

ಮೆರ್ವತ್ ಓಡಿಹೋಗಿ ಪೆಟ್ಟಿಗೆ ತಂದಳು. ನಾಲ್ಕನ್ನೂ ಒಂದೊಂದಾಗಿ ಬೂರಿಗೆ ಸಿಕ್ಕಿಸಿ ಓದಿದಳು. ನಾಲ್ಕಕ್ಕೂ ಪೀಸಿಯ ಲೇಬಲ್ಲೇ ಇತ್ತು, ನಾಲ್ಕೂ ಖಾಲಿಯೇ. ಅವಳ ಉತ್ಸಾಹ ಸೋರಿಹೋಯಿತು.

“ಇಲ್ಲೂ ಇಲ್ಲ,” ಎಂದಳು ಕುಗ್ಗಿದ ದನಿಯಲ್ಲಿ.

ತಹಾನಿ ಬರ್ಬೂನಿಯಿಂದ ಎಳೆದಿದ್ದ ಡಿಸ್ಕನ್ನು ಅದಕ್ಕೇ ಮರಳಿ ಸಿಕ್ಕಿಸಿ, ತಾವು ಪಕ್ಕಕ್ಕಿಟ್ಟಿದ್ದ ಆ ಒಂದು ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

*

ಭಾನುವಾರ ಮಧ್ಯಾಹ್ನ ಎಲ್ಲರೂ ಯಂತ್ರದ ಕೋಣೆಯಲ್ಲಿ ಸೇರಿದರು—ನೆವೀನ್, ಶೌಕತ್, ಬಹ್ಗತ್, ಮೆರ್ವತ್. ದೋಣಿ ಕಟ್ಟುವವರ ಹಿರಿಯ ರಯ್ಯಿಸ್ ಖಮೀಸ್ ಕೂಡ ಬಂದು ಬಾಗಿಲ ಬಳಿ ನಿಂತಿದ್ದ. ಅಳತೆ ಕಳೆದುಹೋಯಿತೆಂಬ ಸುದ್ದಿ ದಡ ತಲುಪಿತ್ತು.

“ಒಳಗೆ ಬನ್ನಿ ರಯ್ಯಿಸ್,” ಎಂದರು ನೆವೀನ್.

“ಬೇಡ ಮದಾಮ್, ಕಾಲಲ್ಲಿ ಟಾರು ಮೆತ್ಕೊಂಡಿದೆ. ಇಲ್ಲಿಂದಾನೂ ಕೇಳಿಸುತ್ತೆ.”

ತಹಾನಿ ಬರ್ಬೂನಿಯ ಪಕ್ಕ ನಿಂತರು. ಗಡಿಬಿಡಿಯಿಲ್ಲ, ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಂತ ಹಾಗೆಯೇ.

“ಡಾಕ್ಟರ್, ಶುಕ್ರವಾರ ನೀವು ಬಂದಾಗ ಹೇಗಿತ್ತೋ ಹಾಗೇ ಮಾಡೋಣ. ಕೀಬೋರ್ಡ್ ಇರ್ಲಿಲ್ಲ, ಅಲ್ವಾ?”

“ಇರ್ಲಿಲ್ಲ ಅಂತ ಹೇಳಿದೆನಲ್ಲ.”

ತಹಾನಿ ಕೀಬೋರ್ಡನ್ನು ಕಿತ್ತು ಬಹ್ಗತನ ಕೈಗೆ ಕೊಟ್ಟರು. “ಈಗ ನೀವೇ ಹಚ್ಚಿ.”

ಶೌಕತ್ ಸ್ವಿಚ್ ಒತ್ತಿದರು. ಬರ್ಬೂನಿ ಗುಂಯ್‌ಗುಟ್ಟಿತು. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಪರದೆ ಕಪ್ಪಗಿತ್ತು. ಕಪ್ಪಗೇ ಉಳಿಯಿತು.

“ಪರದೆ ಕೆಟ್ಟಿದೆಯಾ?” ಎಂದರು ನೆವೀನ್.

“ಕೆಟ್ಟಿಲ್ಲ. ಮದಾಮ್, ಪೀಸಿಯ ಕೀಬೋರ್ಡ್ ಕಿತ್ತು ಹಚ್ಚಿದ್ರೆ ಏನಾಗುತ್ತೆ?”

“ಕೀಬೋರ್ಡ್ ಇಲ್ಲ ಅಂತ ಪರದೆ ಮೇಲೆ ಬರುತ್ತೆ.”

“ಬರುತ್ತೆ. ಏನೇ ಆದ್ರೂ ಪೀಸಿ ಮಾತಾಡೋದು ಪರದೆ ಮೇಲೇನೇ. ಈ ಕುಲ ಹಾಗಲ್ಲ. ಹಚ್ಚಿದಾಗ ಕೀಬೋರ್ಡ್ ಕಾಣದಿದ್ರೆ, ನನ್ನ ಮುಂದೆ ಯಾರೂ ಕೂತಿಲ್ಲ, ಎಲ್ಲೋ ದೂರದಿಂದ ನಡೆಸ್ತಿದಾರೆ ಅಂದ್ಕೊಳ್ಳುತ್ತೆ. ಪರದೆಗೆ ಒಂದಕ್ಷರಾನೂ ಕಳಿಸಲ್ಲ. ಆಡೋ ಮಾತನ್ನೆಲ್ಲ ಬೆನ್ನ ಹಿಂದಿನ ಒಂದು ತೂತಿಗೆ ಕಳಿಸುತ್ತೆ.”

ಅವರು ಚೀಲದಿಂದ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ತೆಗೆದು ಯಂತ್ರದ ಹಿಂಬದಿಗೆ ಸಿಕ್ಕಿಸಿದರು. “ಮೆರ್ವತ್, ಆರಿಸಿ ಇನ್ನೊಮ್ಮೆ ಹಚ್ಚು.”

ಈ ಸಲವೂ ಪರದೆ ಕಪ್ಪು. ಆದರೆ ಲ್ಯಾಪ್‌ಟಾಪಿನಲ್ಲಿ ಸಾಲುಗಳು ಸರಸರನೆ ಮೂಡಿದವು—ಯಂತ್ರದ ಹೆಸರು, ಮೆಮೊರಿಯ ಲೆಕ್ಕ, ಕೊನೆಗೆ ಅದೇ ಲೇಬಲ್ಲಿನ ದೂರು.

ಮೆರ್ವತ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕೀಬೋರ್ಡ್ ಇಲ್ಲದೆ ಅವಳು ಯಾವತ್ತೂ ಈ ಯಂತ್ರಗಳನ್ನು ಹಚ್ಚಿರಲಿಲ್ಲ. ಕೀಬೋರ್ಡ್ ಇರಲಿಲ್ಲ, ಸಾಲುಗಳು ಓಡುತ್ತಿದ್ದವು ಎಂಬ ಮಾತನ್ನು ಶೌಕತ್ ಅವಳೆದುರಿಗೇ ಆಡಿದ್ದರು, ಅವಳು ಕೇಳಿಸಿಕೊಂಡೂ ಇದ್ದಳು.

“ಇರಿ, ಇರಿ,” ಎಂದರು ಶೌಕತ್. ದನಿ ಇನ್ನೂ ಮೃದುವಾಗಿಯೇ ಇತ್ತು. “ಕೀಬೋರ್ಡ್ ಇದ್ದಾಗಲೇ ಇವಳು ಹಚ್ಚಿರಬಹುದು. ಆಮೇಲೆ ಬಹ್ಗತ್ ಕಿತ್ಕೊಂಡು ಹೋಗಿರಬಹುದು. ಅಲ್ವಾ?”

“ಒಳ್ಳೇ ಪ್ರಶ್ನೆ. ಬಹ್ಗತ್, ಕೀಬೋರ್ಡ್ ಸಿಕ್ಕಿಸು. ಮೆರ್ವತ್, ಹಚ್ಚು.”

ಈಗ ಪರದೆ ಬೆಳಗಿತು. ಮೆಮೊರಿಯ ಎಣಿಕೆ ಶುರುವಾಗಿ ಅಂಕಿಗಳು ಓಡತೊಡಗಿದವು. ತಹಾನಿ ಆಗಲೇ ಕೀಬೋರ್ಡಿನ ತಂತಿ ಕಿತ್ತರು. ಅಂಕಿಗಳು ಗಕ್ಕನೆ ನಿಂತವು.

“ನಡೀತಿರೋವಾಗ ಕಿತ್ರೆ ಈ ಯಂತ್ರ ಮಾಡ್ತಿರೋ ಕೆಲಸ ನಿಲ್ಲಿಸಿ ಕೂತುಬಿಡುತ್ತೆ. ಸಾಲು ಓಡೋ ಮಾತೇ ಇಲ್ಲ. ಕೀಬೋರ್ಡ್ ಇಲ್ಲದ ಬರ್ಬೂನಿಯ ಪರದೆ ಮೇಲೆ ಓಡೋ ಸಾಲನ್ನ ಯಾರೂ ನೋಡೋಕೆ ಸಾಧ್ಯವಿಲ್ಲ ಡಾಕ್ಟರ್. ನೀವೂ ನೋಡ್ಲಿಲ್ಲ. ಪೀಸಿಯಲ್ಲಿ ಹೇಗಾಗುತ್ತೋ ಹಾಗೆ ಊಹಿಸಿಕೊಂಡು ಹೇಳಿದ್ರಿ.”



“ಡಿಸ್ಕು ಬದಲಾಗಿದೆ ಅಂತ ನಿನ್ನೆ ಗೊತ್ತಾಯ್ತು,” ಎಂದು ತಹಾನಿ ಮುಂದುವರಿಸಿದರು. “ಹೇಗೆ ತೆಗೀಬೇಕು ಅಂತ ಗುರುವಾರ ನೀವು ಇಲ್ಲೇ ನಿಂತು ನೋಡಿದ್ರಿ. ಶುಕ್ರವಾರ ಬಂದು ಬರ್ಬೂನಿಯ ಡಿಸ್ಕು ತೆಗೆದು, ಬಹ್ಗತನ ಪೆಟ್ಟಿಗೆಯದೊಂದನ್ನ ಹಾಕಿದ್ರಿ. ಕೀಬೋರ್ಡ್ ಇಲ್ಲದ್ದು ಕಂಡಿದ್ದು ಆಗಲೇ. ಹಾಗಾದ್ರೆ ಪೆಟ್ಟಿಗೇಲಿ ಮೂರೇ ಇರ್ಬೇಕಿತ್ತು. ನಾಲ್ಕಿವೆ! ಬಹ್ಗತ್ ಎಲ್ಲವನ್ನೂ ಒರೆಸಿ ಇಟ್ಟಿದ್ದ. ಈ ಒಂದರ ಅಂಚಲ್ಲಿ ಮಾತ್ರ ವರ್ಷಗಟ್ಟಲೆ ಕೂತ ಧೂಳು. ಯಾಕೆ ವಾಪಸ್ ಇಟ್ರಿ ಅನ್ನೋದೊಂದು ನಂಗೆ ಅರ್ಥವಾಗ್ಲಿಲ್ಲ.”

ಕರವಸ್ತ್ರ ಬಿಚ್ಚಿ ಡಿಸ್ಕನ್ನು ಮೇಜಿನ ಮೇಲಿಟ್ಟರು.

ಶೌಕತ್ ಅದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತರು.

“ಹಾಳು ಮಾಡ್ಬೇಕು ಅಂತ ಇರ್ಲಿಲ್ಲ,” ಎಂದರು. “ವಿಚಾರಣೆ ಮುಗಿಯೋವರೆಗೆ ಸಿಗದೇ ಇರ್ಲಿ ಅಂತ ತೆಗೆದೆ. ಮೊದಲು ಏನಿದೆ ನೋಡೋಣ ಅಂತ ನನ್ನ ಪೀಸಿಗೆ ಹಾಕ್ದೆ. ಸ್ಕ್ಯಾನರಿನ ಕಾರ್ಡಿಗೆ ಪೆಟ್ಟಿಗೇಲಿದ್ದ ಕೊಂಡಿ ಹಾಕಿದ್ರೆ ಸಿಕ್ಕಿಸಬಹುದು. ಅದು ಖಾಲಿ ಅಂತು. ನಿಜವಾಗ್ಲೂ ಖಾಲಿ ಅಂತು! ಇವಳೇ ಮೆಮೊರಿ ಹಾಕೋವಾಗ ಅಳಿಸಿದಾಳೆ ಅಂದ್ಕೊಂಡೆ. ಹಾಗಾದ್ರೆ ನಾನು ಕದ್ದಿದ್ದು ಏನೂ ಅಲ್ಲವಲ್ಲ ಅಂತ... ಪೆಟ್ಟಿಗೇಲಿಟ್ಟೆ.”

“ಪೀಸಿಗೆ ಈ ಡಿಸ್ಕಿನ ಭಾಷೆ ಬರಲ್ಲ, ಅದಕ್ಕೇ ಖಾಲಿ ಅಂತು,” ಎಂದಳು ಮೆರ್ವತ್. ಎರಡು ದಿನಗಳಲ್ಲಿ ಮೊದಲ ಬಾರಿಗೆ ಅವಳ ದನಿ ನೆಟ್ಟಗೆ ಬಂದಿತ್ತು.

ತಹಾನಿ ಮುಂದಕ್ಕೆ ಬಾಗಿದರು. “ಖಾಲಿ ಅಂದ ಮೇಲೆ ಅದು ಏನಾದ್ರೂ ಕೇಳ್ತಾ?”

“ಕೇಳ್ತು. ಗುರುತು ಬರೀಲಾ ಅಂತ.”

“ನೀವೇನಂದ್ರಿ?”

“ಹೂಂ ಅಂದೆ.”

ತಹಾನಿಯ ಮುಖದ ಬಣ್ಣ ಮೊದಲ ಸಲ ಬದಲಾಯಿತು. “ಅದಕ್ಕೇ ಪೀಸಿಯ ಲೇಬಲ್,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. “ಸ್ಪಾರ್ಕಿನ ಲೇಬಲ್ ಇರ್ತಿದ್ದ ಜಾಗದ ಮೇಲೇ ಬರೆದಿದೆ.”

“ಅಂದ್ರೆ ಹೋಯ್ತಾ?” ಬಾಗಿಲ ಬಳಿಯಿಂದ ರಯ್ಯಿಸ್ ಖಮೀಸ್ ಕೇಳಿದ.

“ಲೇಬಲ್ ಅಂದ್ರೆ ಮನೆ ಬಾಗಿಲ ಹಲಗೆ ಇದ್ದಂಗೆ ರಯ್ಯಿಸ್. ಮನೆ ಬಿದ್ದಿಲ್ಲ. ಆದ್ರೆ ಯಾವ ಮನೆ ಎಲ್ಲಿಂದ ಶುರುವಾಗುತ್ತೆ ಅಂತ ಹೇಳೋ ಹಲಗೆ ಹೋಗಿದೆ. ಡಿಸ್ಕನ್ನ ಹೇಗೆ ಪಾಲು ಮಾಡಿದ್ದೆ ಅನ್ನೋ ಲೆಕ್ಕ ನಂಗೂ ನೆನಪಿಲ್ಲ.”

ಮೆರ್ವತ್ ಆಗಲೇ ಕಪಾಟಿನತ್ತ ನಡೆದಿದ್ದಳು. “ಅಬ್ಲಾ, ಮೂರೂ ಯಂತ್ರ ನೀವು ಒಟ್ಟಿಗೇ ಜೋಡಿಸಿದ್ರಿ ಅಲ್ವಾ? ಒಂದೇ ಥರದ ಡಿಸ್ಕು, ಒಂದೇ ಥರ ಪಾಲು ಮಾಡಿ?”

“ಹೌದು. ಆದ್ರೆ ಬೂರಿ, ಮೂಸಾ ಎರಡಕ್ಕೂ ನೀನು ಹೊಸ ಡಿಸ್ಕು ಹಾಕಿದೀಯಲ್ಲ.”

“ಹಾಕಿದೀನಿ. ಹಳೇದನ್ನ ಎಸೆದಿಲ್ಲ.” ಬೂರಿಯಿಂದ ತೆಗೆದ ಹಳೆಯ ಡಿಸ್ಕು ಅವಳ ಕೈಯಲ್ಲಿತ್ತು. “ಇದರ ಹಲಗೇನೇ ಅದಕ್ಕೆ ಹೊಡೆದ್ರೆ?”

ತಹಾನಿ ಅವಳನ್ನೇ ನೋಡಿದರು. ಆಮೇಲೆ ಬೂರಿಯ ಮುಂದಿದ್ದ ಕುರ್ಚಿ ಎಳೆದುಕೊಟ್ಟು, “ಕೂತ್ಕೋ. ನೀನೇ ಮಾಡು” ಎಂದರು.

ಮೆರ್ವತ್ ಎರಡೂ ಡಿಸ್ಕುಗಳನ್ನು ಬೂರಿಗೆ ಸಿಕ್ಕಿಸಿದಳು. ಹಳೆಯ ಡಿಸ್ಕಿನ ಮೊದಲ ತುಣುಕನ್ನಷ್ಟೇ ಎತ್ತಿಕೊಂಡಳು. ಎತ್ತಿದ್ದು ಯಾವುದರಿಂದ, ಬರೆಯುವುದು ಯಾವುದಕ್ಕೆ ಎಂದು ಎರಡೆರಡು ಸಲ ಬಾಯಿಬಿಟ್ಟು ಓದಿ, ಧೂಳಿನ ಅಂಚಿನ ಡಿಸ್ಕಿನ ಮೇಲೆ ಬರೆದಳು. ಆಮೇಲೆ ಒಳಗಿರುವುದನ್ನು ಬರೀ ಓದು, ಏನನ್ನೂ ಬರೆಯಬೇಡ ಎಂದು ಲಿನಕ್ಸಿಗೆ ಆಜ್ಞೆ ಕೊಟ್ಟಳು.

ಪರದೆಯ ತುಂಬ ಹೆಸರುಗಳು ಹರಿದವು—ಅನ್ಫೂಶಿ, ಒಂದೊಂದು ವರ್ಷದ್ದೂ.

ಬಹ್ಗತ್ ಕೀಬೋರ್ಡನ್ನು ಎದೆಗೊತ್ತಿಕೊಂಡು, “ಯಾ ಸಲಾಮ್!” ಎಂದ. ನೆವೀನ್ ಕಣ್ಣೊರೆಸಿಕೊಂಡರು. ಮೆರ್ವತ್ ಯಾರತ್ತಲೂ ತಿರುಗಲಿಲ್ಲ. ಮೊದಲು ನಕಲು ಮಾಡಿದಳು, ಒಂದನ್ನು ಬೂರಿಗೆ, ಇನ್ನೊಂದನ್ನು ಮೂಸಾಗೆ.

ನಕಲು ಮುಗಿಯುವವರೆಗೂ ಶೌಕತ್ ಸ್ಟೂಲಿನಿಂದ ಕದಲಲಿಲ್ಲ.

“ನಾಳೆ ವಿಚಾರಣೆಗೆ ನೀವೂ ಬರ್ತೀರಿ,” ಎಂದರು ನೆವೀನ್ ಅವರಿಗೆ. “ಇಲ್ಲಿ ಏನು ನಡೀತು ಅಂತ ನಾನು ಹೇಳೋಕೆ ಮುಂಚೆ ನೀವೇ ಹೇಳೋದು ಒಳ್ಳೇದು.”

“ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ ಅಳತೆ ನೋಡ್ಬೇಕು.” ಅವರು ತಲೆ ಎತ್ತಲಿಲ್ಲ. “ವರದಿ ಬರೆಯೋವಾಗ ಮೊದಲ ಕೆಲವು ವರ್ಷದ್ದಷ್ಟೇ ನೋಡಿದ್ದೆ. ಉಳಿದಿದ್ದೂ ಹಾಗೇ ಇರುತ್ತೆ ಅಂತ ರುಜು ಹಾಕ್ದೆ. ಆಮೇಲೆ ಈ ಶುಕ್ರವಾರದವರೆಗೂ ನೋಡೋಕೆ ಧೈರ್ಯ ಬರ್ಲಿಲ್ಲ.”

ಮೆರ್ವತ್ ಪರದೆಯನ್ನು ಸ್ವಲ್ಪ ಅವರ ಕಡೆ ತಿರುಗಿಸಿದಳು. ತೀರದ ಗೆರೆಯನ್ನು ವರ್ಷದಿಂದ ವರ್ಷಕ್ಕೆ ಒಂದರ ಮೇಲೊಂದು ಎಳೆಯುತ್ತಾ ಹೋದಳು. ಮೊದಲ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗೋಡೆ ಕಟ್ಟಿದ ವರ್ಷದಿಂದ ಗೆರೆ ದಡದೊಳಕ್ಕೆ ಸರಿಯತೊಡಗಿತು. ಆಮೇಲೆ ಪ್ರತಿ ಗೆರೆಯೂ ಹಿಂದಿನದಕ್ಕಿಂತ ಒಳಕ್ಕೆ.

ರಯ್ಯಿಸ್ ಖಮೀಸ್ ಟಾರಿನ ಕಾಲಿನಲ್ಲೇ ಒಳಗೆ ಬಂದಿದ್ದ. ಒಂದು ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿ ನಮ್ಮಪ್ಪನ ಕೊಟ್ಟಿಗೆ ಇತ್ತು, ಮರ ಕೊಯ್ಯೋದು” ಎಂದಷ್ಟೇ ಹೇಳಿದ. ಬೆರಳಿಟ್ಟ ಜಾಗ ಈಗ ನೀರಿನಲ್ಲಿತ್ತು. ಶೌಕತ್ ಆ ಬೆರಳನ್ನು ತುಂಬಾ ಹೊತ್ತು ನೋಡಿದರು.

ಸೋಮವಾರ ಅವರು ವಿಚಾರಣೆಯಲ್ಲಿ ಎದ್ದುನಿಂತು ತಮ್ಮ ವರದಿಯನ್ನು ಹಿಂದಕ್ಕೆ ಪಡೆದರು. ಡಿಸ್ಕು ತೆಗೆದದ್ದನ್ನೂ, ಆ ತಪ್ಪನ್ನು ಮೆರ್ವತ್ ಮೇಲೆ ಹೊರಿಸಿದ್ದನ್ನೂ ಅದೇ ಮೆಲುದನಿಯಲ್ಲಿ ಹೇಳಿದರು. ದನಿ ಸಾಲದೆ ಹಿಂದಿನ ಸಾಲಿನವರು ಇನ್ನೊಮ್ಮೆ ಹೇಳಿ ಎಂದಾಗ ಮತ್ತೆ ಮೊದಲಿನಿಂದ ಹೇಳಿದರು. ಗೋಡೆ ಉದ್ದ ಮಾಡುವ ಯೋಜನೆಯನ್ನು ಅಂದೇ ಕೈಬಿಡಲಾಯಿತು. ಇದ್ದ ಗೋಡೆಯಲ್ಲಿ ನೀರು ಹಾಯಲು ಕಿಂಡಿ ತೆಗೆಯಬೇಕೋ ಎಂದು ಪರೀಕ್ಷಿಸಲು ಹೊಸ ಅಳತೆಗೆ ಆಜ್ಞೆಯಾಯಿತು. ಆ ಅಳತೆಯ ಕೆಲಸ ಮೆರ್ವತ್‌ಗೆ ಬಂತು. ಶೌಕತ್ ಅದೇ ವಾರ ಕೇಂದ್ರ ಬಿಟ್ಟರು.

ಆ ಸೋಮವಾರ ವಿಚಾರಣೆ ಮುಗಿದು ಎಲ್ಲರೂ ಹೊರಬರುವಾಗ ಅವರು ಮೆಟ್ಟಿಲ ಮೇಲೆ ಮೆರ್ವತ್‌ಗಾಗಿ ಕಾದಿದ್ದರು.

“ಮಗಳೇ, ನನ್ನನ್ನ ಕ್ಷಮಿಸು.”

ಮೆರ್ವತ್ ನಿಂತಳು. ಆಗಲಿ ಎಂದುಬಿಡುವುದು ಸುಲಭವಿತ್ತು. ಆದರೆ ಆ ಶನಿವಾರ ಮೆಟ್ಟಿಲಿಳಿಯುವಾಗ ತನ್ನ ಕಣ್ಣನ್ನೇ ತಾನು ನಂಬದೆ ಹೋದದ್ದು ಅವಳಿಗೆ ಇನ್ನೂ ಹಸಿಯಾಗಿಯೇ ಇತ್ತು.

“ನಂಗೆ ಸ್ವಲ್ಪ ದಿನ ಬೇಕು ಡಾಕ್ಟರ್,” ಎಂದಳು.

ಅವರು ತಲೆದೂಗಿ ದಾರಿ ಬಿಟ್ಟರು. ತಹಾನಿ ಅವಳ ತೋಳು ಹಿಡಿದುಕೊಂಡರು. ಇಬ್ಬರೂ ಟ್ರ್ಯಾಮ್ ನಿಲ್ದಾಣದತ್ತ ನಡೆದರು.